ಎಲ್ಲ ರೋಗಕ್ಕೂ ಪೈಥಾನ್ ಒಂದೇ ಮದ್ದಾ?

ನಮ್ಮ ಕ್ಯಾಂಪಸ್ಸಿನಲ್ಲಿ ಈಗ ಯಾವ ಟೀಮಿನ ಪ್ರಾಜೆಕ್ಟ್ ಬಗ್ಗೆ ಕೇಳಿದ್ರೂ ಮೊದಲು ಬರೋ ಉತ್ತರ ಒಂದೇ: "ಪೈಥಾನ್‌ನಲ್ಲಿ ಮಾಡ್ತಿದೀವಿ." ಮುಖ ನೋಡಿ ಹಾಜರಾತಿ ಹಾಕೋದಾ? ಪೈಥಾನ್. ಕ್ಯಾಂಟೀನ್ ಬಿಲ್ಲಿಂಗಾ? ಪೈಥಾನ್. ಲೈನ್ ಫಾಲೋವರ್ ರೋಬೋಗೂ ಪೈಥಾನ್ ಹಾಕೋಕಾಗುತ್ತಾ ಅಂತ ಜೂನಿಯರ್ ಒಬ್ಬ ಕೇಳಿದ್ದನ್ನು ನಾವೇ ಕೇಳಿಸಿಕೊಂಡಿದ್ದೀವಿ. ಪ್ರಾಜೆಕ್ಟ್ ಏನು ಅಂತ ತೀರ್ಮಾನ ಆಗೋ ಮೊದಲೇ ಭಾಷೆ ತೀರ್ಮಾನ ಆಗಿರುತ್ತೆ. ಹುಡುಗಿ ನೋಡೋ ಮೊದಲೇ ಛತ್ರ ಬುಕ್ ಮಾಡಿದ ಹಾಗೆ.

ಇದಕ್ಕೆ ಕಾರಣ ಹುಡುಕೋಕೆ ದೂರ ಹೋಗಬೇಕಿಲ್ಲ. ಮೊದಲ ವರ್ಷ ಸಿ ಲ್ಯಾಬಿನಲ್ಲಿ ಸೆಮಿಕೋಲನ್ ಹುಡುಕಿ, ಪಾಯಿಂಟರ್ ಅಂದ್ರೆ ಏನು ಅಂತ ವೈವಾದಲ್ಲಿ ತಡವರಿಸಿ ಸುಸ್ತಾದವರಿಗೆ ಪೈಥಾನ್ ಅಜ್ಜಿ ಮನೆ ಇದ್ದ ಹಾಗೆ. ಹೋದ ಕೂಡಲೇ ಊಟ ರೆಡಿ. ಬೇಕಾದ ಲೈಬ್ರರಿ ಒಂದು ಕಮಾಂಡಿಗೆ ಇಳಿದು ಬರುತ್ತೆ. ಇಂಟರ್ನ್‌ಶಿಪ್ ಜಾಹೀರಾತಿನಲ್ಲೂ ಅದರದ್ದೇ ಹೆಸರು. ಹೀಗಿರುವಾಗ ಬೇರೆ ಕಡೆ ಯಾಕೆ ನೋಡಬೇಕು?

ನಾವು ನಾಲ್ವರು ಫೈನಲ್ ಇಯರ್ ಪ್ರಾಜೆಕ್ಟಿಗೆ ಕೂತಾಗ ಈ ಪ್ರಶ್ನೆ ಮೇಲೆ ಹತ್ತಿರ ಹತ್ತಿರ ಮೂರು ವಾರ ಜಗಳ ಆಡಿದ್ದೀವಿ. ಇಬ್ಬರು ಸಿಎಸ್, ಒಬ್ಬಳು ಇಸಿ, ಒಬ್ಬ ಮೆಕ್ಯಾನಿಕಲ್. ಹಾಸ್ಟೆಲ್ ಮೆಸ್ಸಿನಲ್ಲಿ ಸಾಂಬಾರ್ ಆರಿಹೋಗೋ ತನಕ ನಡೆದ ಆ ಜಗಳದಲ್ಲಿ ಕಲಿತದ್ದು, ಸೆಮಿಸ್ಟರ್ ಪೂರ್ತಿ ಕ್ಲಾಸಿನಲ್ಲಿ ಕಲಿತದ್ದಕ್ಕಿಂತ ಜಾಸ್ತಿ ಅನ್ನಿಸಿದ್ದರಿಂದ ಇಲ್ಲಿ ಬರೀತಿದೀವಿ.

ಪ್ರಾಜೆಕ್ಟ್ ಇಷ್ಟೇ. ನಮ್ಮಲ್ಲೊಬ್ಬನ ಮನೆ ಚನ್ನಗಿರಿ ಕಡೆ, ಅಡಿಕೆ ತೋಟ. ಬೇಸಿಗೆಯಲ್ಲಿ ತೋಟ ಉಳಿಯೋದು ಬೋರ್‌ವೆಲ್ ನೀರಿನ ಮೇಲೆ. ತ್ರೀ ಫೇಸ್ ಕರೆಂಟು ಬರೋದು ಇಂತಿಷ್ಟೇ ಹೊತ್ತು, ಅದೂ ಹೆಚ್ಚಾಗಿ ರಾತ್ರಿ. ಅದಕ್ಕೇ ಎಲ್ಲರೂ ಆಟೋ ಸ್ಟಾರ್ಟರ್ ಹಾಕಿಸಿರ್ತಾರೆ: ಕರೆಂಟು ಬಂದ ಕೂಡಲೇ ಮೋಟಾರ್ ತಾನೇ ಶುರು. ತೊಂದರೆ ಏನಂದ್ರೆ, ಬೋರಿನಲ್ಲಿ ನೀರು ಕೆಳಗಿಳಿದಿದ್ರೂ ಮೋಟಾರ್ ಓಡ್ತಾನೇ ಇರುತ್ತೆ. ಸಬ್‌ಮರ್ಸಿಬಲ್ ಮೋಟಾರನ್ನು ತಣ್ಣಗಿಡೋದು ಅದರ ಸುತ್ತ ಹರಿಯೋ ನೀರೇ. ನೀರಿಲ್ಲದೆ ಓಡಿದ್ರೆ ವೈಂಡಿಂಗ್ ಸುಟ್ಟುಹೋಗುತ್ತೆ. ಆಮೇಲೆ ನೂರಾರು ಅಡಿ ಆಳದಿಂದ ಪೈಪು ಬಿಚ್ಚುತ್ತಾ ಮೋಟಾರ್ ಎತ್ತಿಸಬೇಕು, ರಿವೈಂಡಿಂಗ್ ಮಾಡಿಸಬೇಕು, ಮತ್ತೆ ಇಳಿಸಬೇಕು. ಕಳೆದ ಬೇಸಿಗೆಯಲ್ಲಿ ಅವನ ಮನೆಯಲ್ಲಿ ಇದು ಆಯ್ತು. ಎಷ್ಟು ಖರ್ಚಾಯ್ತು ಅಂತ ಅವನು ಹೇಳಲಿಲ್ಲ. ಆದ್ರೆ ಆ ಸೆಮಿಸ್ಟರ್ ಫೀಸನ್ನು ಅವನಪ್ಪ ಎರಡು ಕಂತಿನಲ್ಲಿ ಕಟ್ಟಿದ್ರು ಅನ್ನೋದು ನಮಗೆ ಗೊತ್ತು.

ನೀರು ಬಿಟ್ಟಾಗ ಪಂಪಿನ ಮೇಲಿನ ಭಾರ ಇಳಿಯುತ್ತೆ, ಮೋಟಾರ್ ಎಳೆಯೋ ಕರೆಂಟೂ ಇಳಿಯುತ್ತೆ. ಅದನ್ನು ಸೆನ್ಸರಿನಲ್ಲಿ ಅಳೆದು, ಕೆಲವು ಸೆಕೆಂಡು ಹಾಗೇ ಮುಂದುವರಿದ್ರೆ ಮೋಟಾರ್ ನಿಲ್ಲಿಸಬೇಕು. "ಡ್ರೈ ರನ್ ಪ್ರಿವೆಂಟರ್ ಅಂಗಡಿಯಲ್ಲೇ ಸಿಗುತ್ತಲ್ರೋ" ಅಂದ್ರು ನಮ್ಮ ಗೈಡ್. ಸಿಗುತ್ತೆ. ನಮಗೆ ಬೇಕಿದ್ದದ್ದು ಅದರ ಮೇಲೊಂದು ಲೆಕ್ಕ: ಎಷ್ಟು ಹೊತ್ತು ಎತ್ತಿದ ಮೇಲೆ ನೀರು ಬಿಡುತ್ತೆ, ಎಷ್ಟು ಹೊತ್ತು ಬಿಟ್ರೆ ಮತ್ತೆ ಊರುತ್ತೆ, ತಿಂಗಳಿಂದ ತಿಂಗಳಿಗೆ ಅದು ಹೇಗೆ ಬದಲಾಗುತ್ತೆ. ಅಷ್ಟು ಗೊತ್ತಾದ್ರೆ ಸಿಗೋ ನಾಲ್ಕಾರು ಗಂಟೆ ಕರೆಂಟಿನಲ್ಲಿ ಯಾವಾಗ ಓಡಿಸಬೇಕು, ಯಾವಾಗ ಬಿಡಬೇಕು ಅಂತ ಹೇಳಬಹುದು.

ಸಿಎಸ್‌ನ ಇಬ್ಬರದ್ದೂ ಒಂದೇ ಮಾತು: ಪೂರ್ತಿ ಪೈಥಾನ್. ಇಸಿಯವಳು ಅಷ್ಟೇ ಗಟ್ಟಿಯಾಗಿ ಹೇಳಿದ್ಲು: ಮೋಟಾರ್ ಹತ್ರ ಪೈಥಾನ್ ಬರಕೂಡದು. ಮೆಕ್ಯಾನಿಕಲ್‌ನವನಿಗೆ ಯಾವುದಾದ್ರೂ ಸರಿ, ಬಾಕ್ಸ್ ಡಿಸೈನ್ ತನ್ನದು ಅಂದ.

ಅವಳ ಮೊದಲ ಏಟು ಮೆಮೊರಿ ಮೇಲೆ. ಲ್ಯಾಬಿನಲ್ಲಿ ನಾವೆಲ್ಲ ಮುಟ್ಟಿರೋ ಆರ್ಡುಯಿನೋ ಯುನೋದಲ್ಲಿ ಇರೋ ರ‍್ಯಾಮ್ 2 ಕಿಲೋಬೈಟ್. ಮೆಗಾ ಅಲ್ಲ, ಕಿಲೋ. ಲ್ಯಾಪ್‌ಟಾಪಿನ ಪೈಥಾನಿನಲ್ಲಿ 1 ಅನ್ನೋ ಒಂದು ಸಂಖ್ಯೆ ಎಷ್ಟು ಜಾಗ ಹಿಡಿಯುತ್ತೆ ಅಂತ ಅಲ್ಲೇ ಟೈಪ್ ಮಾಡಿ ತೋರಿಸಿದ್ಲು: 28 ಬೈಟ್. ಸಿ-ಯಲ್ಲಿ ಯುನೋ ಮೇಲೆ ಒಂದು ಇಂಟ್‌ಗೆ 2 ಬೈಟ್. ಅಂದ್ರೆ ಯುನೋದ ಇಡೀ ರ‍್ಯಾಮ್ ಖಾಲಿ ಮಾಡಿಕೊಟ್ರೂ ಅಂಥ ಪೈಥಾನ್ ಸಂಖ್ಯೆಗಳು 73 ಹಿಡಿಸುತ್ತೆ, ಅಷ್ಟೇ. ಆಮೇಲೆ ಪ್ರೋಗ್ರಾಮಿಗೆ ಜಾಗ ಇಲ್ಲ. ಪೈಥಾನ್ ಇದಕ್ಕೆಲ್ಲ ಹುಟ್ಟಿದ ಭಾಷೆಯೂ ಅಲ್ಲ. ಗೈಡೋ ವಾನ್ ರೋಸಮ್ 1989ರ ಕ್ರಿಸ್‌ಮಸ್ ರಜೆಯಲ್ಲಿ ಆಮ್‌ಸ್ಟರ್‌ಡ್ಯಾಮಿನ ಸಂಶೋಧನಾ ಕೇಂದ್ರದಲ್ಲಿದ್ದಾಗ ಅದನ್ನು ಶುರು ಮಾಡಿದ್ದು, ಸಿ ಮತ್ತು ಶೆಲ್ ಸ್ಕ್ರಿಪ್ಟಿನ ಮಧ್ಯೆ ಇದ್ದ ಹಳ್ಳ ತುಂಬೋಕೆ. ಸಿ-ಯನ್ನು ಓಡಿಸೋಕಲ್ಲ. ನಾವು ದಿನಾ ಬಳಸೋ ಪೈಥಾನ್ ಇಂಟರ್‌ಪ್ರಿಟರ್ ಬರೆದಿರೋದೇ ಸಿ-ಯಲ್ಲಿ. (ಹೆಸರು ಹೆಬ್ಬಾವಿನದ್ದೂ ಅಲ್ಲ, ಮಾಂಟಿ ಪೈಥಾನ್ ಅನ್ನೋ ಬ್ರಿಟಿಷ್ ಹಾಸ್ಯ ತಂಡದ್ದು. ಲೋಗೋದಲ್ಲಿ ಹಾವಿದೆ ಅಂತ ವೈವಾದಲ್ಲಿ ವಾದ ಮಾಡಬೇಡಿ.)

ಆದ್ರೆ ಈ ಏಟು ಪೂರ್ತಿ ತಾಗಲಿಲ್ಲ. ಯುನೋಗೆ ಆಗಲ್ಲ ಸರಿ, ಇಎಸ್‌ಪಿ32 ಬೋರ್ಡಿಗೆ ಏನು? ಅದರಲ್ಲಿ 520 ಕಿಲೋಬೈಟ್ ರ‍್ಯಾಮ್ ಇದೆ, ಬೆಲೆಯೂ ಹೆಚ್ಚುಕಮ್ಮಿ ಅಷ್ಟೇ. ಚಿಕ್ಕ ಚಿಪ್‌ಗಳಿಗೆ ಅಂತಲೇ ಡೇಮಿಯನ್ ಜಾರ್ಜ್ 2013ರಲ್ಲಿ ಶುರು ಮಾಡಿದ ಮೈಕ್ರೋಪೈಥಾನ್ ಅದರ ಮೇಲೆ ಆರಾಮಾಗಿ ಓಡುತ್ತೆ. ಹಾಗಾಗಿ ಮಾತು "ಪೈಥಾನ್ ಹಿಡಿಸುತ್ತಾ"ಯಿಂದ "ಪೈಥಾನ್ ಬೇಕಾ"ಗೆ ಬಂತು. ರಾಸ್ಪ್‌ಬೆರಿ ಪೈ ಹಾಕೋಣ ಅನ್ನೋ ಮಾತೂ ಬಂದು ಹೋಯ್ತು. ಅದು ಪೂರ್ತಿ ಲಿನಕ್ಸ್ ಕಂಪ್ಯೂಟರ್. ಹೇಳದೇ ಕೇಳದೇ ಕರೆಂಟು ಹೋಗೋ ಜಾಗದಲ್ಲಿ ಎಸ್‌ಡಿ ಕಾರ್ಡು ಬರೆಯೋ ಹೊತ್ತಿಗೇ ಪವರ್ ಕಟ್ ಆದ್ರೆ ಕಾರ್ಡು ಕೆಡಬಹುದು. ತೋಟದ ಪಂಪ್‌ಸೆಟ್ ಮನೆಯಲ್ಲಿ ಯಾರೂ ಶಟ್‌ಡೌನ್ ಬಟನ್ ಒತ್ತಿ ಹೋಗಲ್ಲ.

ಇನ್ನೊಂದು ವಾದ ಎಲ್ಲರೂ ಹೇಳೋದೇ: ಪೈಥಾನ್ ನಿಧಾನ. ಇದನ್ನು ಬಾಯಿಮಾತಿಗೆ ಬಿಡದೆ ಕೂತು ನೋಡಿದ್ವಿ. ಹತ್ತು ಕೋಟಿ ಸಲ ಕೂಡೋ ಒಂದು ಲೂಪ್. ಪೈಥಾನಿನಲ್ಲಿ ರನ್ ಕೊಟ್ಟು ನೀರು ಕುಡಿದು ಬರೋ ಅಷ್ಟು ಹೊತ್ತು, ಸಿ-ಯಲ್ಲಿ ಎಂಟರ್ ಒತ್ತಿದ ಬೆರಳು ಎತ್ತೋದರೊಳಗೆ ಉತ್ತರ. ಅದರಲ್ಲೂ ಒಂದು ಮಜಾ ಇದೆ: ಆಪ್ಟಿಮೈಸೇಶನ್ ಆನ್ ಮಾಡಿದ್ರೆ ಸಿ ಕಂಪೈಲರ್ ಕೆಲವು ಸಲ ಲೂಪನ್ನೇ ಓಡಿಸಲ್ಲ, ಉತ್ತರ ತಾನೇ ಲೆಕ್ಕ ಹಾಕಿ ಬರೆದಿಟ್ಟುಬಿಡುತ್ತೆ. ಹಾಗಾಗಿ ಇಂಥ ಹೋಲಿಕೆ ಪೋಸ್ಟರ್ ನೋಡಿದ್ರೆ ಸ್ವಲ್ಪ ಹುಷಾರಾಗಿರಿ, ಎಷ್ಟೋ ಸಲ ಅಲ್ಲಿ ಓಟದ ಸ್ಪರ್ಧೆಯೇ ನಡೆದಿರಲ್ಲ.

ಸರಿ, ನಿಧಾನ. ಆದ್ರೆ ನಮ್ಮ ಕೆಲಸಕ್ಕೆ ಅದರಿಂದ ಏನು? ನಮ್ಮ ಕರೆಂಟು 50 ಹರ್ಟ್ಸ್, ಅಂದ್ರೆ ಒಂದು ಸುತ್ತಿಗೆ 20 ಮಿಲಿಸೆಕೆಂಡ್. ಮಿಲಿಸೆಕೆಂಡಿಗೊಂದು ಸಲ ಅಳೆದ್ರೂ ಸುತ್ತಿಗೆ 20 ಅಳತೆ ಸಿಗುತ್ತೆ, ನಮಗೆ ಅಷ್ಟು ಸಾಕು. ಮೈಕ್ರೋಪೈಥಾನ್ ಮಧ್ಯೆ ಮಧ್ಯೆ ಮೆಮೊರಿ ಗುಡಿಸೋಕೆ ಕೆಲವು ಮಿಲಿಸೆಕೆಂಡು ನಿಂತು ಒಂದೆರಡು ಅಳತೆ ತಪ್ಪಿಸಿದ್ರೂ, ನಾವು ಕಾಯೋದೇ ಕೆಲವು ಸೆಕೆಂಡು. ಮೋಟಾರಿಗೆ ಗೊತ್ತೂ ಆಗಲ್ಲ. ಇನ್‌ಸ್ಟಾಗ್ರಾಮಿನ ಸರ್ವರ್ ಕಡೆ ಇರೋದು ಪೈಥಾನ್ ಮತ್ತು ಜಾಂಗೋ. ದಿನಾ ರಾತ್ರಿ ರೀಲ್ಸ್ ನೋಡ್ತಾ "ಪೈಥಾನ್ ಸ್ಲೋ ಗುರು" ಅನ್ನೋರು ಇದನ್ನು ಒಮ್ಮೆ ಯೋಚಿಸಬೇಕು. ಸ್ಪೀಡ್ ಅನ್ನೋದು ಪ್ಲೇಸ್‌ಮೆಂಟ್ ಇಂಟರ್‌ವ್ಯೂನಲ್ಲಿ ಹೇಳೋಕೆ ಚೆನ್ನಾಗಿರೋ ಉತ್ತರ. ನಮ್ಮ ತೋಟದ ಮಟ್ಟಿಗೆ ಅದು ಲೆಕ್ಕಕ್ಕೇ ಬರಲಿಲ್ಲ.

ಇಸಿಯವಳು ಅದನ್ನು ಒಪ್ಪಿಕೊಂಡೇ ಬೇರೆ ದಾರಿಯಿಂದ ಬಂದ್ಲು. ಆ ಟೆಸ್ಟ್ ನಮ್ಮೆಲ್ಲರಿಗೂ ಇನ್ನೂ ನೆನಪಿದೆ. ಮೋಟಾರ್ ಬದಲು ಬೆಂಚಿನ ಮೇಲೆ ಒಂದು 100 ವ್ಯಾಟ್ ಬಲ್ಬ್. ಬಲ್ಬಿನ ಕರೆಂಟು ಚಿಕ್ಕದು ಅಂತ ಸೆನ್ಸರಿನ ಉಂಗುರದೊಳಗೆ ವೈರನ್ನು ಹತ್ತು ಸುತ್ತು ಸುತ್ತಿದ್ವಿ, ಆಗ ಅಳತೆ ಹತ್ತು ಪಟ್ಟು ಕಾಣುತ್ತೆ. ಒಂದೇ ಪ್ರೋಗ್ರಾಮನ್ನು ಎರಡೂ ಭಾಷೆಯಲ್ಲಿ ಬರೆದಿಟ್ಟುಕೊಂಡಿದ್ವಿ. ಎರಡರಲ್ಲೂ, ಮೋಟಾರ್ ನಿಲ್ಲಿಸೋ ಸಾಲಿನಲ್ಲಿ, ಬೇಕಂತಲೇ ಒಂದು ವೇರಿಯಬಲ್ ಹೆಸರಿನ ಒಂದಕ್ಷರ ಬದಲಾಯಿಸಿದ್ಲು. ಸಿ ಪ್ರೋಗ್ರಾಮ್ ಕಂಪೈಲೇ ಆಗಲಿಲ್ಲ. ಇಂಥ ಹೆಸರೇ ನನಗೆ ಗೊತ್ತಿಲ್ಲ ಅಂತ ಸಾಲಿನ ನಂಬರ್ ಸಮೇತ ಹಠ ಹಿಡಿದು ಕೂತ್ಕೊಂತು. ಮೈಕ್ರೋಪೈಥಾನ್ ಪ್ರೋಗ್ರಾಮ್ ಖುಷಿಯಾಗಿ ಶುರುವಾಯ್ತು. ಮಧ್ಯಾಹ್ನ ಪೂರ್ತಿ ಓಡ್ತು. ಸಂಜೆ ಡಿಮ್ಮರ್ ತಿರುಗಿಸಿ ಕರೆಂಟು ಇಳಿಸಿದಾಗ, ಅಂದ್ರೆ "ನೀರು ಖಾಲಿ" ಆದಾಗ, ಆ ಸಾಲಿಗೆ ಮೊದಲ ಸಲ ಕಾಲಿಟ್ಟು, ಎರರ್ ಕೊಟ್ಟು ನಿಂತುಹೋಯ್ತು. ರಿಲೇ ಆನ್‌ನಲ್ಲೇ ಇತ್ತು.

ಅವಳು ಏನೂ ಮಾತಾಡಲಿಲ್ಲ, ಬಲ್ಬ್ ಕಡೆ ಕೈ ತೋರಿಸಿದ್ಲು.

ಇದು ಪೈಥಾನ್ ಕೆಟ್ಟದ್ದು ಅಂತಲ್ಲ. ಹೆಸರು ಇದೆಯೋ ಇಲ್ಲವೋ ಅಂತ ಅದು ನೋಡೋದು ಆ ಸಾಲು ಓಡೋವಾಗ ಮಾತ್ರ, ಅದರ ಸ್ವಭಾವವೇ ಹಾಗೆ. ಲ್ಯಾಪ್‌ಟಾಪಿನಲ್ಲಿ ಡೇಟಾ ನೋಡೋವಾಗ ಇದರಿಂದ ಏನೂ ನಷ್ಟ ಇಲ್ಲ. ಎರರ್ ಬರುತ್ತೆ, ತಿದ್ದಿ ಮತ್ತೆ ಓಡಿಸ್ತೀವಿ. ಆದ್ರೆ ನಮ್ಮ ಪ್ರಾಜೆಕ್ಟಿನಲ್ಲಿ ಅತೀ ಮುಖ್ಯವಾದ ಸಾಲೇ ಅತೀ ಅಪರೂಪಕ್ಕೆ ಓಡೋ ಸಾಲು. ತಿಂಗಳಿಗೊಮ್ಮೆ, ರಾತ್ರಿ ಎರಡು ಗಂಟೆಗೆ, ಎಲ್ಲರೂ ಮಲಗಿರುವಾಗ.

ಸಿಎಸ್ ಕಡೆಯಿಂದ ಕೂಡಲೇ ಉತ್ತರ ಬಂತು, ಅದೂ ಸರಿಯಾದ ಉತ್ತರವೇ. ಪೈಲಿಂಟ್ ಓಡಿಸಿದ್ರೆ ಇದು ಬೋರ್ಡಿಗೆ ಹಾಕೋ ಮೊದಲೇ ಸಿಕ್ಕಿಬೀಳುತ್ತೆ. ಟೆಸ್ಟ್ ಬರೆದ್ರೆ ಸಿಗುತ್ತೆ. ವಾಚ್‌ಡಾಗ್ ಟೈಮರ್ ಇಟ್ರೆ ನಿಂತ ಪ್ರೋಗ್ರಾಮನ್ನು ರೀಸೆಟ್ ಮಾಡುತ್ತೆ. ಜೊತೆಗೆ ಸಿ ಏನು ಸಾಧುವಾ? ಹತ್ತು ಮನೆ ಇರೋ ಅರೇನಲ್ಲಿ ಹನ್ನೊಂದನೇ ಮನೆಗೆ ಬರೆದ್ರೆ ಪೈಥಾನ್ ಕಿರುಚುತ್ತೆ, ಸಿ ಸುಮ್ಮನೆ ಪಕ್ಕದ ಮನೆಯ ಗೋಡೆ ಒಡೆದು ಬರೆದುಬಿಡುತ್ತೆ. ಯುನೋ ಮೇಲಿನ ಇಂಟ್ 32767 ದಾಟಿದ್ರೆ ಮೈನಸ್‌ಗೆ ಬೀಳುತ್ತೆ, ಪೈಥಾನಿನ ಸಂಖ್ಯೆ ಮೆಮೊರಿ ಇರೋ ತನಕ ಬೆಳೀತಾನೇ ಇರುತ್ತೆ. 1996ರಲ್ಲಿ ಏರಿಯಾನ್ 5 ರಾಕೆಟ್ಟಿನ ಮೊದಲ ಹಾರಾಟ ಹಾರಿದ ನಿಮಿಷದೊಳಗೆ ಚೂರಾದದ್ದು ಇಂಥದ್ದೇ ಕಾರಣಕ್ಕೆ. ದೊಡ್ಡ ಸಂಖ್ಯೆಯೊಂದನ್ನು 16 ಬಿಟ್‌ನ ಜಾಗಕ್ಕೆ ತುರುಕಿದ್ದು. ಆ ಕೋಡ್ ಇದ್ದದ್ದು ಏಡಾ ಭಾಷೆಯಲ್ಲಿ, ಸುರಕ್ಷತೆಗೇ ಹೆಸರಾದ ಭಾಷೆ ಅದು. ಇನ್ನು ಆರ್ಡುಯಿನೋದ ಮಿಲಿಸೆಕೆಂಡ್ ಗಡಿಯಾರ ಸುಮಾರು 50 ದಿನಕ್ಕೊಮ್ಮೆ ಸೊನ್ನೆಗೆ ಬರುತ್ತೆ. ಇದಕ್ಕೆ ಮಾತ್ರ ಪೈಥಾನ್ ಕಡೆಯವರು ನಗೋ ಹಾಗಿಲ್ಲ, ಮೈಕ್ರೋಪೈಥಾನಿನ ಗಡಿಯಾರವೂ ಹಾಗೇ ಸುತ್ತು ಹಾಕುತ್ತೆ. ಯಾವ ಭಾಷೆಯಾದ್ರೂ ವ್ಯತ್ಯಾಸ ಕಳೆಯೋ ಕ್ರಮ ಗೊತ್ತಿರಲೇಬೇಕು.

ಇಲ್ಲಿ ತನಕ ಪಂದ್ಯ ಸಮ ಸಮ. ಅದನ್ನು ಮುರಿದದ್ದು ಅಷ್ಟು ಹೊತ್ತು ಸುಮ್ಮನಿದ್ದ, ತೋಟದ ಮನೆಯವನು. ಅವನು ಸಿಎಸ್‌ನವನು, ಅಂದ್ರೆ ಪೈಥಾನ್ ಪಕ್ಷ. ಅವನು ಕೇಳಿದ ಪ್ರಶ್ನೆ: "ಜೂನ್ ಆದ್ಮೇಲೆ ನಾವು ಯಾರೂ ಇಲ್ಲಿರಲ್ಲ. ಅದನ್ನ ನೋಡ್ಕೊಳೋರು ಯಾರು?"

ನೋಡ್ಕೊಳೋದು ಅವನ ದೊಡ್ಡಪ್ಪನ ಮಗ. ಐಟಿಐ ಎಲೆಕ್ಟ್ರಿಷಿಯನ್. ಸುತ್ತಮುತ್ತ ತೋಟಗಳ ಸ್ಟಾರ್ಟರ್ ಪ್ಯಾನೆಲ್ ರಿಪೇರಿ ಮಾಡ್ತಾರೆ, ಹವ್ಯಾಸಕ್ಕೆ ಅಂತ ಆರ್ಡುಯಿನೋ ಕಲಿತಿದಾರೆ, ಮನೆ ಗೇಟಿಗೆ ತಾವೇ ಏನೋ ಮಾಡಿ ಹಾಕಿದಾರೆ. ಅವರಿಗೆ ಗೊತ್ತಿರೋದು ಸೆಟಪ್, ಲೂಪ್, ಅಷ್ಟರ ಸಿ. ಫೋನಿನಲ್ಲಿ ಕೇಳಿದ್ವಿ. ಪೈಥಾನ್ ಹೆಸರು ಕೇಳಿದಾರೆ, ಕಲಿಯೋಕೆ ತೊಂದರೆ ಇಲ್ಲ, ಆದ್ರೆ ಬೇಸಿಗೆಯಲ್ಲಿ ಪುರುಸೊತ್ತು ಇರಲ್ಲ ಅಂದ್ರು. ಅವರ ಮೇಜಿನ ಮೇಲೆ ಎರಡು ಯುನೋ ಬೋರ್ಡ್ ಬಿದ್ದಿವೆಯಂತೆ. ನಮ್ಮದು ಕೆಟ್ರೆ ಅದನ್ನೇ ಹಾಕಬಹುದು.

ಪೈಲಿಂಟಿನ ವಾದಕ್ಕೂ ಇಲ್ಲೇ ಉತ್ತರ ಸಿಕ್ತು. ನಾವು ಕೋಡ್ ಬರೆಯೋವಾಗ ಪೈಲಿಂಟ್ ಓಡಿಸ್ತೀವಿ. ಪಂಪ್‌ಸೆಟ್ ಮನೆಯಲ್ಲಿ ಟಾರ್ಚ್ ಹಿಡ್ಕೊಂಡು ಒಂದು ಸಾಲು ತಿದ್ದೋ ಅಣ್ಣನ ಹತ್ರ ಅದು ಇರಲ್ಲ. ಅವರು ಅಪ್‌ಲೋಡ್ ಒತ್ತಿದಾಗ ತಪ್ಪು ಹೇಳೋ ಒಂದೇ ಒಂದು ಜೀವ ಅಂದ್ರೆ ಕಂಪೈಲರ್. ಯುನೋ, ಸಿ ಅಂತ ಅವತ್ತೇ ಬರೆದ್ವಿ. (ಆರ್ಡುಯಿನೋದಲ್ಲಿ ಬರೆಯೋದು ಅಸಲಿಗೆ ಸಿ ಪ್ಲಸ್ ಪ್ಲಸ್, ಗೊತ್ತು. ನಾವು ಬರೆದ ಶೈಲಿ ಸಿ-ದೇ.)

ಹಾಗಂತ ಪೈಥಾನ್ ಊರು ಬಿಟ್ಟು ಹೋಗಲಿಲ್ಲ. ಮೆಕ್ಯಾನಿಕಲ್‌ನವನು ಒಂದು ಹಂತದಲ್ಲಿ "ಹಾಗಾದ್ರೆ ಎಲ್ಲಾನೂ ಸಿ-ಯಲ್ಲೇ ಮಾಡೋಣ, ಒಂದೇ ಭಾಷೆ" ಅಂದ. ಅದು ಇನ್ನೊಂದು ತುದಿಯ ಹುಚ್ಚು. ಬೋರ್ಡು ಬರೆದಿಟ್ಟ ಲೆಕ್ಕ ಓದಿ, ದಿನದ ಪ್ರಕಾರ ಗುಂಪು ಮಾಡಿ, ನೀರು ಊರೋ ಹೊತ್ತಿನ ಗ್ರಾಫ್ ಬಿಡಿಸೋದು ಪ್ಯಾಂಡಾಸ್ ಮತ್ತು ಮ್ಯಾಟ್‌ಪ್ಲಾಟ್‌ಲಿಬ್ ಇದ್ರೆ ಹದಿನೈದು ಸಾಲಿನ ಕೆಲಸ. ಅದನ್ನು ಸಿ-ಯಲ್ಲಿ ಬರೆಯೋಕೆ ಕೂತ್ರೆ ಡಿಗ್ರಿ ಮುಗಿಯುತ್ತೆ, ಗ್ರಾಫ್ ಬರಲ್ಲ. ಇಲ್ಲಿ ಪೈಥಾನ್ ನಿಧಾನವೂ ಅಲ್ಲ, ಯಾಕಂದ್ರೆ ಭಾರ ಹೊರೋದು ಅದಲ್ಲ. ನಮ್‌ಪೈ ಒಳಗಿನ ಲೆಕ್ಕ ನಡೆಯೋದು ಸಿ-ಯಲ್ಲಿ. ಅದು ಆಸರೆಗೆ ಇಟ್ಟುಕೊಂಡಿರೋ ಲ್ಯಾಪ್ಯಾಕ್ ಹುಟ್ಟಿದ್ದು ಫೋರ್ಟ್ರಾನಿನಲ್ಲಿ, ಅಂದ್ರೆ ನಮ್ಮ ಅಜ್ಜಂದಿರ ಕಾಲದ, 1957ರ ಭಾಷೆಯಲ್ಲಿ. ಪೈಥಾನ್ ಮೇಸ್ತ್ರಿ, ಕಲ್ಲು ಹೊರೋರು ಬೇರೆ. ಮೇಸ್ತ್ರಿ ಇಲ್ಲದೆ ಮನೆ ಏಳಲ್ಲ ಅನ್ನೋದೂ ಅಷ್ಟೇ ನಿಜ.

ನಮಗೆ ತುಂಬಾ ಇಷ್ಟವಾದ ಭಾಗ ಎಸ್ಸೆಮ್ಮೆಸ್ಸಿನದ್ದು. ಮೋಟಾರ್ ನಿಂತಾಗ ಅವನಪ್ಪನ ಕೀಪ್ಯಾಡ್ ಫೋನಿಗೆ ಒಂದು ಮೆಸೇಜ್ ಹೋಗಬೇಕು. ಇಂಗ್ಲಿಷಿನಲ್ಲಿ ಕಳಿಸಿದ್ರೆ ಅವರು ಓದಲ್ಲ, ಹಾಗಾಗಿ ಕನ್ನಡದಲ್ಲೇ. ಇಂಗ್ಲಿಷ್ ಎಸ್ಸೆಮ್ಮೆಸ್ಸಿಗೆ 160 ಅಕ್ಷರದ ಮಿತಿ, ಕನ್ನಡ ಬಂದ ಕೂಡಲೇ ಅದು 70. ಆ 70 ನಾವು ಎಣಿಸೋ ಅಕ್ಷರ ಅಲ್ಲ, ಯೂನಿಕೋಡಿನ ಎಣಿಕೆ: 'ಕನ್ನಡ' ಅನ್ನೋ ಪದ ನಮಗೆ ಮೂರಕ್ಷರ, ಪೈಥಾನಿಗೆ ಕೇಳಿದ್ರೆ ಐದು ಅನ್ನುತ್ತೆ (ಕ, ನ, ಅರ್ಧಾಕ್ಷರದ ಗುರುತು, ನ, ಡ), ಯುಟಿಎಫ್-8ರಲ್ಲಿ ಇಟ್ಟು ಸಿ-ಯನ್ನು ಕೇಳಿದ್ರೆ 15 ಬೈಟ್ ಅನ್ನುತ್ತೆ. ಯಾರೂ ಸುಳ್ಳು ಹೇಳ್ತಿಲ್ಲ, ಎಣಿಸೋ ವಸ್ತು ಬೇರೆ ಬೇರೆ. ನಮ್ಮ ಮೆಸೇಜ್ ಇದು: "ಬೋರಿನಲ್ಲಿ ನೀರಿಲ್ಲ. ಮೋಟಾರ್ ಆಫ್ ಆಗಿದೆ." ಲೆಕ್ಕ ಹಾಕಿದ್ರೆ 36, ಮಿತಿಯೊಳಗೇ ಇದೆ.

ಜಿಎಸ್‌ಎಂ ಮಾಡ್ಯೂಲಿಗೆ ಇದನ್ನು ಹಾಗೇ ಕೊಟ್ರೆ ಆಗಲ್ಲ, ಒಂದೊಂದು ಕೋಡನ್ನೂ ನಾಲ್ಕು ಹೆಕ್ಸ್ ಅಂಕೆಯಾಗಿ ಮಾಡಿ ಕೊಡಬೇಕು. ಒಟ್ಟು 144 ಅಂಕೆ. ಸಿ-ಯಲ್ಲಿ ಕನ್ನಡ ಬೈಟುಗಳನ್ನು ಬಿಡಿಸಿ ಹೀಗೆ ಜೋಡಿಸೋಕೆ ಒಂದು ಫಂಕ್ಷನ್ ಬರೆಯಬಹುದು, 2 ಕಿಲೋಬೈಟಿನ ಮನೆಯಲ್ಲಿ ಅದಕ್ಕೊಂದು ಕೋಣೆ ಬಿಡಬೇಕು. ಪೈಥಾನಿನಲ್ಲಿ ಒಂದೇ ಸಾಲು. ಹಾಗಾಗಿ ಲ್ಯಾಪ್‌ಟಾಪಿನಲ್ಲಿ ಆ ಒಂದು ಸಾಲು ಓಡಿಸಿ, ಬಂದ 144 ಅಂಕೆಯನ್ನು ಕಾಪಿ ಮಾಡಿ, ಸಿ ಕೋಡಿನಲ್ಲಿ ಬದಲಾಗದ ಸ್ಟ್ರಿಂಗ್ ಆಗಿ ಫ್ಲ್ಯಾಶಿನಲ್ಲಿ ಅಂಟಿಸಿದ್ವಿ. ಬೋರ್ಡಿಗೆ ಕನ್ನಡ ಗೊತ್ತಿಲ್ಲ. ಅದಕ್ಕೆ ಗೊತ್ತಿರೋದು ಆ ಅಂಕೆಗಳು ಮಾತ್ರ, ಅತ್ತ ಫೋನಿನಲ್ಲಿ ಕನ್ನಡ ಬರುತ್ತೆ. ಮೂರು ವಾರ ಜಗಳ ಆಡಿದ ಎರಡು ಪಕ್ಷದವರೂ ಆ ರಾತ್ರಿ ಒಟ್ಟಿಗೆ ಕೂತು ಮಾಡಿದ ಕೆಲಸ ಅದು. ಮೊದಲ ಮೆಸೇಜ್ ನಮ್ಮದೇ ಹಳೇ ಕೀಪ್ಯಾಡ್ ಫೋನಿಗೆ ಬಂದಾಗ ಪಕ್ಕದ ರೂಮಿನವರು ಕ್ರಿಕೆಟ್ ಸ್ಕೋರ್ ಅಂದುಕೊಂಡು ಓಡಿ ಬಂದ್ರು.

ಮೊಬೈಲ್ ಆಪ್ ಯಾಕಿಲ್ಲ ಅಂತ ರಿವ್ಯೂನಲ್ಲಿ ಕೇಳಿದ್ರು. ಇದ್ದಿದ್ರೆ ಅದಕ್ಕೆ ಕಾಟ್ಲಿನ್ ಅಂತ ಇನ್ನೊಂದು ಭಾಷೆ ಬರ್ತಿತ್ತು. ಕೀಪ್ಯಾಡ್ ಫೋನಿಗೆ ಆಪ್ ಹಾಕೋಕಾಗಲ್ಲ ಸರ್ ಅಂದ್ವಿ, ಅಲ್ಲಿಗೆ ಮುಗೀತು.

ಬಾಕ್ಸ್ ಈಗ ತೋಟದಲ್ಲಿದೆ. ಕರೆಂಟು ಎಷ್ಟಕ್ಕೆ ಇಳಿದ್ರೆ ನಿಲ್ಲಿಸಬೇಕು ಅನ್ನೋ ಅಂಕಿಯನ್ನು ಕೋಡಿನ ಮೊದಲ ಸಾಲಿನಲ್ಲೇ ಇಟ್ಟು, ಪಕ್ಕದಲ್ಲಿ ಕನ್ನಡದಲ್ಲೇ ಕಾಮೆಂಟ್ ಬರೆದಿದ್ದೀವಿ: "ಮೋಟಾರ್ ಬದಲಾದ್ರೆ ಇದನ್ನು ಬದಲಾಯಿಸಿ." ಅಣ್ಣ ಈಗಾಗಲೇ ಒಮ್ಮೆ ಬದಲಾಯಿಸಿದಾರೆ, ನಮ್ಮನ್ನು ಕೇಳಲೇ ಇಲ್ಲ. ಲೆಕ್ಕದ ಫೈಲನ್ನು ಅವರು ವಾಟ್ಸಾಪಿನಲ್ಲಿ ಕಳಿಸ್ತಾರೆ, ಗ್ರಾಫ್ ಇಲ್ಲಿ ಹಾಸ್ಟೆಲಿನಲ್ಲಿ ಪೈಥಾನ್ ಬಿಡಿಸುತ್ತೆ. ನೀರು ಊರೋ ಹೊತ್ತನ್ನು ಊಹಿಸೋ ಮಾಡೆಲ್ ಮಾಡೋಣ ಅಂತ ಸಿಎಸ್‌ನವರು ಶುರು ಮಾಡಿದಾರೆ, ಆದ್ರೆ ಒಂದು ಪೂರ್ತಿ ಬೇಸಿಗೆಯ ಲೆಕ್ಕ ಬರೋ ತನಕ ಅದಕ್ಕೆ ತಿನ್ನಿಸೋಕೆ ಏನೂ ಇಲ್ಲ. ಸದ್ಯಕ್ಕೆ ಉಳಿದಿರೋ ಜಗಳ ಒಂದೇ, ರಿಪೋರ್ಟನ್ನು ವರ್ಡಿನಲ್ಲಿ ಮಾಡೋದಾ, ಲೇಟೆಕ್‌ನಲ್ಲಿ ಮಾಡೋದಾ ಅಂತ. ಸಾಂಬಾರ್ ಮತ್ತೆ ಆರ್ತಾ ಇದೆ.